ಅತ್ತಿಗೆ ಓದಿ ಹೇಳಿದ ಶಿಲ್ಪಿಯ ಮಗಳ ಕಥೆ

ನಾನು ಎರಡನೇ ಪಿಯುಸಿಯಲ್ಲಿ ಇಂಗ್ಲಿಷಿಗೆ ಫೇಲಾಗಿ ಮನೆಯಲ್ಲಿ ಕೂತ ವರ್ಷವೇ ನಮ್ಮಣ್ಣನ ಮದುವೆಯಾಯಿತು. ತೊಂಬತ್ತರ ದಶಕದ ನಡುವಿನ ಮಾತು. ನಮ್ಮೂರು ಪಾಂಡವಪುರದ ಹತ್ತಿರದ ಕ್ಯಾತನಹಳ್ಳಿ. ನಾಲೆ ನೀರಿನ ಗದ್ದೆ, ಕಬ್ಬು, ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಒಂದು ಸೀಮೆಹಸು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರಿಂದ ಅವ್ವನೇ ಗದ್ದೆ ಮಾಡಿ ನಮ್ಮಿಬ್ಬರನ್ನೂ ಸಾಕಿದ್ದಳು. ಅತ್ತಿಗೆ ಬಂದದ್ದು ಕೆ.ಆರ್. ಪೇಟೆ ಕಡೆಯಿಂದ, ಗೋವಿಂದನಹಳ್ಳಿಯ ಪಕ್ಕದ ಊರಿನಿಂದ. ನನಗಿಂತ ಒಂದೆರಡು ವರ್ಷ ದೊಡ್ಡವಳು. ಪಿಯುಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದ್ದಳು. ಟಿಸಿಎಚ್ ಮುಗಿಸಿ ಸ್ಕೂಲ್ ಟೀಚರಾಗಬೇಕೆಂದು ಅವಳಿಗೆ ಬಹಳ ಆಸೆ. ಹೆಣ್ಣು ನೋಡಲು ಹೋದಾಗ ಅವರಪ್ಪ ಆ ಮಾತನ್ನು ಎತ್ತಿದರು. ಅಣ್ಣ ತಲೆ ಎತ್ತದೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಓದ್ಲಿ, ನಮ್ದೇನೂ ಅಡ್ಡಿ ಇಲ್ಲ" ಅಂದ. ಅವನು ಅದನ್ನು ಮನಸ್ಸಿನಿಂದಲೇ ಹೇಳಿದ್ದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಕೇಳಿದವರು ಇದು ಅತ್ತೆಯ ಕಾಟದ ಕಥೆ, ಗಂಡನ ದರ್ಬಾರಿನ ಕಥೆ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ನಾನು ಇಂಗ್ಲಿಷ್ ಟ್ಯೂಷನ್ನಿಗೆಂದು ಪಾಂಡವಪುರಕ್ಕೆ ಹೋಗಿ ಬರುತ್ತಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರ ಬಳೆ, ರಿಬ್ಬನ್ನು ಮಾರುವ ಅಂಗಡಿಯೊಂದಿತ್ತು. ಅದರ ಒಂದು ಗೋಡೆಯ ತುಂಬ ಬಾಡಿಗೆಗೆ ಕೊಡುವ ಕಾದಂಬರಿಗಳು. ಎಲ್ಲಕ್ಕೂ ಕಂದು ಕಾಗದದ ರಟ್ಟು, ಬೆನ್ನಿನ ಮೇಲೆ ನಂಬರು. ಅತ್ತಿಗೆ ಬಂದ ಮೇಲೆ ನಾನು ತಂದ ಪುಸ್ತಕಗಳನ್ನೆಲ್ಲ ಅವಳೂ ಓದುತ್ತಿದ್ದಳು. ಒಂದು ದಿನ ಅಂಗಡಿಯಾಕೆ ದಪ್ಪನೆಯ ಪುಸ್ತಕವೊಂದನ್ನು ಮುಂದೆ ತಳ್ಳಿ, ಇದು ರಾಜರ ಕಾಲದ್ದು, ಲವ್ ಸ್ಟೋರಿಯೂ ಇದೆ, ತಗೊಂಡು ಹೋಗು ಅಂದಳು. ಹೊಸದಾಗಿ ರಟ್ಟು ಹಾಕಿ ಹೊಲಿಸುವಾಗ ಮೊದಲ ಹಾಳೆಗಳು ಹೋಗಿದ್ದವು. ಕಾದಂಬರಿಯ ಹೆಸರೇನು, ಬರೆದವರು ಯಾರು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಯ್ಸಳರ ಕಾಲದ ಕಥೆ ಅದು. ಒಂದೂರಲ್ಲಿ ಗುಡಿ ಕಟ್ಟುತ್ತಿರುತ್ತಾರೆ. ಹಿರಿಯ ಶಿಲ್ಪಿಗೆ ತಾಯಿಲ್ಲದ ಒಬ್ಬಳೇ ಮಗಳು. ಅವಳು ಅಪ್ಪನಿಗೆ ಊಟ ಹೊತ್ತು ತಂದು, ಉಳಿ ಚೂಪು ಮಾಡಿಕೊಟ್ಟು ಬೆಳೆದವಳು. ಗುಡಿ ಕಾವಲಿಗೆ ಬಂದ ಕುದುರೆ ಸವಾರನೊಬ್ಬ ಅವಳನ್ನು ಮೆಚ್ಚುತ್ತಾನೆ, ಮಾತು ಕೊಟ್ಟು ಯುದ್ಧಕ್ಕೆ ಹೋಗುತ್ತಾನೆ. ಅವನು ಬರುವುದರೊಳಗೆ ಅಪ್ಪನ ಕಣ್ಣು ಮಂಜಾಗುತ್ತಾ ಹೋಗುತ್ತದೆ. ಕೆಲಸ ನಿಂತರೆ ಅಪ್ಪನ ಮಾನ ಹೋಗುತ್ತದೆಂದು ಮಗಳು ಕದ್ದುಮುಚ್ಚಿ ಉಳಿ ಹಿಡಿಯುತ್ತಾಳೆ. ಮೊದಲು ಎಲೆ ಬಳ್ಳಿ, ಆಮೇಲೆ ಆನೆ ಸಾಲು, ಕೊನೆಗೆ ಒಂದು ಇಡೀ ಮದನಿಕೆ.

ಮಧ್ಯಾಹ್ನ ಮುದ್ದೆ ಉಂಡು ಪಾತ್ರೆ ತೊಳೆದ ಮೇಲೆ, ಡೈರಿಗೆ ಹಾಲು ಕರೆಯುವ ಹೊತ್ತಿನ ತನಕ ನಮಗೆ ಬಿಡುವು. ಕೊಟ್ಟಿಗೆಯ ಜಗಲಿ ಮೇಲೆ ಅತ್ತಿಗೆ ಗೋಡೆಗೆ ಒರಗಿ ಓದುತ್ತಿದ್ದಳು. ನಾನು ಎಮ್ಮೆಗಳಿಗೆ ಕಬ್ಬಿನ ಸೋಗೆ ಕತ್ತರಿಸುತ್ತಾ ಕೇಳುತ್ತಿದ್ದೆ. ಅವಳ ಓದು ಚೆಂದ. ಹಳೆಗಾಲದ ಮಾತುಗಳನ್ನು ನಾಟಕದ ಹಾಗೆ ಎಳೆಯದೆ, ಪಕ್ಕದ ಮನೆಯ ಸುದ್ದಿ ಹೇಳಿದಂತೆ ಓದುತ್ತಿದ್ದಳು. ಎರಡು ಮೂರು ದಿನಕ್ಕೆ ಅವ್ವನೂ ಅವರೆಕಾಯಿಯ ಮೊರ ಹಿಡಿದು ಬಂದು ಕೂತಳು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಮೊದಮೊದಲು ಸುಮ್ಮನೆ ಕಾಯಿ ಬಿಡಿಸುತ್ತಿದ್ದವಳು ಆಮೇಲೆ ಗದ್ದೆಯಿಂದ ಬರುತ್ತಲೇ, ಆ ಹುಡುಗಿ ಆನೆ ಕೆತ್ತಿ ಮುಗಿಸಿದಳಾ ಎಂದು ಕೇಳುವಷ್ಟಾದಳು.

ಸವಾರ ಮತ್ತು ಶಿಲ್ಪಿಯ ಮಗಳು ಕಂಬದ ಮರೆಯಲ್ಲಿ ಸೇರುವ ಕಡೆಗಳಲ್ಲಿ ಅತ್ತಿಗೆ ಒಂದೆರಡು ಪುಟ ಹಾರಿಸುತ್ತಿದ್ದಳು. ಅವ್ವನಿಗೆ ಅದು ತಿಳಿದುಬಿಡುತ್ತಿತ್ತು. "ಅಲ್ಲೇನೋ ಬುಟ್ಬುಟ್ಟಲ್ಲವ್ವ," ಅನ್ನುವಳು, ಮೊರದಿಂದ ಕಣ್ಣು ಎತ್ತದೆ. ಅತ್ತಿಗೆಯ ಕಿವಿ ಕೆಂಪಾಗುತ್ತಿತ್ತು. ನಾವು ಮೂವರೂ ನಕ್ಕದ್ದು ಆ ಜಗಲಿಯ ಮೇಲೆಯೇ. ಅಷ್ಟು ನಗುವನ್ನು ಆಮೇಲೆ ಆ ಮನೆಯಲ್ಲಿ ನಾನು ಕೇಳಲಿಲ್ಲ.

ಕೊನೆಯ ಅಧ್ಯಾಯದ ದಿನ ಅವ್ವ ಕೆಲಸವನ್ನೇ ತಂದಿರಲಿಲ್ಲ, ಬರಿಗೈಯಲ್ಲಿ ಬಂದು ಕೂತಿದ್ದಳು. ಮದನಿಕೆಯನ್ನು ಗುಡಿಯಲ್ಲಿ ನಿಲ್ಲಿಸುತ್ತಾರೆ. ಅರಸ ಬಂದು ಶಿಲ್ಪಿಯನ್ನು ಹೊಗಳುತ್ತಾನೆ. ಶಿಲ್ಪಿ ವಿಗ್ರಹದ ಮೇಲೆ ಕೈಯಾಡಿಸಿ ಇದು ತನ್ನ ಉಳಿಯ ಕೆಲಸವಲ್ಲವೆಂದು ತಿಳಿಯುತ್ತಾನೆ, ತಿಳಿದೂ ಬಾಯಿ ಬಿಡುವುದಿಲ್ಲ. ಸವಾರ ಕಾಲಿಗೆ ಪೆಟ್ಟು ಬಿದ್ದು ಯುದ್ಧದಿಂದ ಮರಳಿ ಬರುತ್ತಾನೆ, ತನ್ನೂರಿಗೆ ಬಾ ಅನ್ನುತ್ತಾನೆ. ಉಳಿ ಸುತ್ತಿಗೆ ಹಿಡಿದುಕೊಂಡು ಬರಲೇ ಎಂದು ಅವಳು ಕೇಳುತ್ತಾಳೆ. ಅವನು ಒಳ್ಳೆಯವನೇ, ಆದರೆ ಆ ಪ್ರಶ್ನೆಗೆ ಅವನ ಬಳಿ ಉತ್ತರವಿರುವುದಿಲ್ಲ. ಬೆಳಗಾದ ಮೇಲೆ ಮುಂದಿನ ಗುಡಿಯ ಕೆಲಸಕ್ಕೆ ಹೊರಟ ಕಲ್ಲು ಕೆಲಸದವರ ಗಾಡಿ ಹತ್ತಿ ಅವಳು ಹೊರಟುಹೋಗುತ್ತಾಳೆ. ನಾನು ಯಾರೆಂದು ನನಗೆ ಈಗ ಗೊತ್ತು ಅನ್ನುವಂಥ ಮಾತು ಏನೋ ಕೊನೆಗೆ ಬರುತ್ತದೆ.

ಅತ್ತಿಗೆ ಪುಸ್ತಕ ಮುಚ್ಚಿದಳು. ಮೊದಲು ಮಾತಾಡಿದ್ದು ಅವ್ವ.

"ಕುರುಡಪ್ಪನ್ನ ಬುಟ್ಟು ಹೋದ್ಲಲ್ಲ, ಅವನ್ಗೆ ಮುದ್ದೆ ಕಟ್ಟೋರ್ಯಾರು?"

"ಅದ ಬರ್ದಿಲ್ಲ ಅತ್ತೆ."

"ಅದ್ನೇ ಬರೀಬೇಕಿತ್ತು." ಅವ್ವ ಮಂಡಿ ಹಿಡಿದು ಎದ್ದಳು. "ನಿಮ್ಮಾವ ಸತ್ತಾಗ ನಾನೂವೆ ನೇಗ್ಲು ಹಿಡ್ದೆ. ಯಾರೂ ಕತೆ ಬರೀನಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಹಸುವಿಗೆ ನೀರು ಕುಡಿಸಲು ಹೋದಳು. ಆದರೆ ಅತ್ತಿಗೆ ಪುಸ್ತಕವನ್ನು ನನಗೆ ವಾಪಸು ಕೊಡಲಿಲ್ಲ. ಆ ವಾರವೆಲ್ಲ ಒಲೆ ಮುಂದೆ ಕೂತಾಗ, ಹಂಡೆ ನೀರು ಕಾಯುವಷ್ಟು ಹೊತ್ತಿನಲ್ಲೂ ಕೊನೆಯ ಭಾಗವನ್ನು ಮತ್ತೆ ಮತ್ತೆ ಓದಿದಳು. ಈಗ ಹಾರಿಸಿದ್ದ ಪುಟಗಳನ್ನೂ ಓದುತ್ತಿದ್ದಳೆಂದು ಕಾಣುತ್ತದೆ. ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದಳು. ನಾನು ಪುಸ್ತಕವನ್ನು ಅಂಗಡಿಗೆ ಮುಟ್ಟಿಸುವಷ್ಟರಲ್ಲಿ ಅದರ ಅಂಚೆಲ್ಲ ಹೊಗೆ ಹಿಡಿದಿತ್ತು.

ಟಿಸಿಎಚ್ ಮಾತನ್ನು ಮತ್ತೆ ಎತ್ತಿದ್ದು ಅದಾದ ಮೇಲೆಯೇ. ಮದುವೆಯಾದಾಗಿನಿಂದ ಅದು ಮುಂದಿನ ವರ್ಷ, ಮುಂದಿನ ವರ್ಷ ಎಂದು ಹೋಗುತ್ತಿತ್ತು. ಒಂದು ಬೆಳಿಗ್ಗೆ ಅಣ್ಣ ರೊಟ್ಟಿ ತಿನ್ನುತ್ತಾ ಕೂತಿದ್ದಾಗ ಅವಳು ನಮ್ಮೆಲ್ಲರ ಮುಂದೆಯೇ, ಈ ಸಲ ಅರ್ಜಿ ಹಾಕುತ್ತೇನೆ ಅಂದಳು. ಆಗಲಿ ಅಂದ ಅಣ್ಣ. ಮಂಡ್ಯಕ್ಕೆ ತಾನೇ ಹೋಗಿ ಅರ್ಜಿ ತಂದ. ಹಾಲು ಯಾರು ಕರೆಯುತ್ತಾರೆ ಎಂದು ಅವ್ವ ಒಂದು ಸಲ ಕೇಳಿದಳು, ನಾನು ಕರೆಯುತ್ತೇನೆ ಅಂದೆ, ಅಲ್ಲಿಗೆ ಅದು ಮುಗಿಯಿತು. ಸೀಟೂ ಸಿಕ್ಕಿತು.

ಅವಳು ಕಾಲೇಜಿಗೆ ಹೋದ ಆ ಬೆಳಗುಗಳು ನನಗೆ ಚೆನ್ನಾಗಿ ನೆನಪಿವೆ. ಕತ್ತಲಿರುವಾಗಲೇ ಎದ್ದು ಬಾಗಿಲು ಸಾರಿಸಿ, ಅಡಿಗೆ ಮುಗಿಸಿ, ಮದುವೆಗೆ ತಂದಿದ್ದ ಪಾಲಿಯೆಸ್ಟರ್ ಸೀರೆಗಳಲ್ಲಿ ಒಂದನ್ನು ಪಿನ್ನು ಹಾಕಿ ಉಟ್ಟು, ಹೆಗಲಿಗೆ ಬ್ಯಾಗು ಏರಿಸಿ ಮೊದಲ ಬಸ್ಸಿಗೆ ಓಡುತ್ತಿದ್ದಳು. ಸಂಜೆ ಬಂದರೆ ಮುಖ ಬಾಡಿರುತ್ತಿತ್ತು, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಪಾಠ ಮಾಡುವಾಗ ಬೋರ್ಡಿಗೆ ಮುಖ ಮಾಡಿ ಮಾತಾಡಬಾರದಂತೆ, ಮಕ್ಕಳಿಗೆ ಕಡ್ಡಿ ಕಾಳುಗಳಲ್ಲಿ ಲೆಕ್ಕ ಕಲಿಸಬೇಕಂತೆ. ನನ್ನನ್ನು ಮಗುವಿನ ಹಾಗೆ ಎದುರಿಗೆ ಕೂರಿಸಿಕೊಂಡು ಹುರುಳಿಕಾಳು ಎಣಿಸಿದಳು. ಅವ್ವ ಬಾಗಿಲಲ್ಲಿ ನಿಂತು ನೋಡಿ, ಕಾಳು ಚೆಲ್ಲಬೇಡಿ ಅಂದಳು, ಆದರೆ ಅಲ್ಲೇ ನಿಂತಿದ್ದಳು.

ಎರಡು ವಾರ ಆಗಿತ್ತೋ ಏನೋ, ಒಂದು ಬೆಳಿಗ್ಗೆ ಬಸ್ಸಿನಲ್ಲಿ ತಲೆ ತಿರುಗಿ ಬಿದ್ದಳು. ಪಕ್ಕದೂರಿನ ಹೆಂಗಸರು ಇಳಿಸಿಕೊಂಡು ನೆರಳಲ್ಲಿ ಕೂರಿಸಿ ನಮಗೆ ಹೇಳಿ ಕಳಿಸಿದರು. ಅಣ್ಣ ಗದ್ದೆಯಲ್ಲಿದ್ದವನು ಕೆಸರು ಕಾಲಲ್ಲೇ ಲೂನಾ ಹತ್ತಿ ಹೋದ. ಅವಳಿಗೆ ಮೂರು ತಿಂಗಳಾಗಿತ್ತು. ವಾಂತಿ ಜೋರು, ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಹೀಗೇ ಓಡಾಡಿದರೆ ಮಗು ಉಳಿಯುವುದಿಲ್ಲ, ಮಲಗಿರಬೇಕು ಎಂದರು ಡಾಕ್ಟರು. ಯಾರೂ ಕಾಲೇಜು ಬಿಡು ಎಂದು ಹೇಳಲಿಲ್ಲ. ಅಣ್ಣ ಅವಳ ತಲೆಯ ಹತ್ತಿರ ಕೂತು, ಹೆರಿಗೆ ಆಗಲಿ, ಬರುವ ವರ್ಷ ಮತ್ತೆ ಸೇರಿಸುತ್ತೇನೆ ಎಂದು ಸಮಾಧಾನ ಮಾಡಿದ. ಅವಳು ಗೋಡೆ ಕಡೆ ತಿರುಗಿ ಮಲಗಿ, ಹೂಂ ಅಂದಳು.

ಹೆರಿಗೆ ತವರಿನಲ್ಲಾಯಿತು, ಹೆಣ್ಣುಮಗು. ಮಗುವಿಗೆ ನಾಲ್ಕನೇ ತಿಂಗಳು ನಡೆಯುತ್ತಿದ್ದಾಗ ನಾನು ನೋಡಲು ಹೋಗಿ ಒಂದಷ್ಟು ದಿನ ಉಳಿದೆ. ಒಂದು ಮಧ್ಯಾಹ್ನ ಮಗುವನ್ನು ಅವರಮ್ಮನ ಹತ್ತಿರ ಮಲಗಿಸಿ ನಾವಿಬ್ಬರೂ ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿಗೆ ನಡೆದುಹೋದೆವು. ಅವಳು ಚಿಕ್ಕಂದಿನಲ್ಲಿ ಆಡಿ ಬೆಳೆದ ಗುಡಿ. ಬಳಪದ ಕಲ್ಲಿನ ಚೂರುಗಳನ್ನು ಆಯ್ದುಕೊಂಡು ಹೋಗಿ ಸ್ಲೇಟಿನ ಮೇಲೆ ಬರೆಯುತ್ತಿದ್ದರಂತೆ. ನಾವು ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಒಳಗೆ ಬಾವಲಿ ವಾಸನೆ, ಕಾಲಿಗೆ ತಣ್ಣಗಿನ ಕಲ್ಲು. ಹೊರಗೋಡೆಯ ವಿಗ್ರಹಗಳನ್ನು ಅವಳು ಒಂದೊಂದಾಗಿ ನೋಡುತ್ತಾ ಹೋದಳು. ಮೊದಲೆಲ್ಲ ಇವು ಬರೀ ದೇವರುಗಳಾಗಿದ್ದವು, ಈಗ ಕೆತ್ತಿದ ಕೈ ಯಾವುದಿರಬಹುದು ಎಂದು ನೋಡುತ್ತೇನೆ ಅಂದಳು. ಮೊಣಕೈ ಮುರಿದ ಒಂದು ಹೆಣ್ಣು ವಿಗ್ರಹದ ಮುಂದೆ ಬಹಳ ಹೊತ್ತು ನಿಂತಳು. ಅದರ ಸೊಂಟಪಟ್ಟಿಯ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು.

ಮುಂದಿನ ವರ್ಷ ಕಾಲೇಜಿಗೆ ಹೋಗುತ್ತೀಯಲ್ಲ ಎಂದು ನಾನು ಕೇಳಿದೆ. ಅವಳು ಗುಡಿಯ ಮೆಟ್ಟಿಲ ಮೇಲೆ ಕೂತ ಮೇಲೆ ಹೇಳಿದಳು:

"ನಿಮ್ಮಣ್ಣ ಬ್ಯಾಡ ಅಂದಿದ್ರೆ ಜಗ್ಳ ಆಡ್ಬೋದಿತ್ತು. ಅತ್ತೆ ಬೈದಿದ್ರೆ ಸಿಟ್ ಮಾಡ್ಕಂಡು ಹೊಂಟ್ಬುಡ್ಬೋದಿತ್ತು. ಯಾರೂ ಏನೂ ಅನ್ನಾಕಿಲ್ಲ ಕಣವ್ವ. ನಾನ್ ಯಾರ್ ಮ್ಯಾಲೆ ಕ್ವಾಪ ಮಾಡ್ಕಳ್ಲಿ?"

ಕಾದಂಬರಿಯ ಹುಡುಗಿಗೆ ಬೆನ್ನು ತಿರುಗಿಸಿ ಹೋಗಲು ಒಂದು ಬಾಗಿಲಿತ್ತು, ಬಾಗಿಲಲ್ಲಿ ಒಬ್ಬ ನಿಂತಿದ್ದ. ಅತ್ತಿಗೆಗೆ ಅಡ್ಡ ನಿಂತವರೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ರವಿಕೆ ಒದ್ದೆಯಾಯಿತು. ಮಗು ಎದ್ದಿರುತ್ತದೆ ಎಂದು ಸೆರಗು ಮುಂದಕ್ಕೆ ಎಳೆದುಕೊಂಡು ದಡದಡ ನಡೆದುಬಿಟ್ಟಳು. ನಾನು ಹಿಂದೆ ಓಡಬೇಕಾಯಿತು.

ಅವಳು ಕೂಸನ್ನು ಎತ್ತಿಕೊಂಡು ಕ್ಯಾತನಹಳ್ಳಿಗೆ ಬಂದ ಕೆಲವೇ ತಿಂಗಳಿಗೆ ಅವ್ವ ಗದ್ದೆಯ ಬದುವಿನ ಮೇಲೆ ಜಾರಿ ಕಾಲುವೆಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆದರೂ ಅವ್ವ ಮತ್ತೆ ತಾನಾಗಿ ಎದ್ದು ನಡೆಯಲಿಲ್ಲ. ನಡುಮನೆಯ ಮಂಚದ ಮೇಲೆ ಮಲಗಿದವಳಿಗೆ ಮೈ ತೊಳೆಸುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಬೇಸಿನ್ ಇಟ್ಟು ತೆಗೆಯುವುದು ಎಲ್ಲವೂ ಅತ್ತಿಗೆಯ ಪಾಲಿಗೆ ಬಂತು. ನಾನೂ ಕೈ ಹಾಕುತ್ತಿದ್ದೆ. ಆದರೆ ಅವ್ವನಿಗೆ ಸೊಸೆಯ ಕೈಯೇ ಹಿತ. ನಾನು ಮುಟ್ಟಿದರೆ ನೋವು ಅನ್ನುವಳು. ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ಅವ್ವ ಅತ್ತಳು.

"ನಿನ್ ಓದು ನನ್ನಿಂದ ಹಾಳಾಯ್ತು ಕಣೆ."

"ಸುಮ್ನಿರಿ ಅತ್ತೆ, ತಲೆ ಅಳ್ಳಾಡುಸ್ಬ್ಯಾಡಿ," ಅಂದಳು ಅತ್ತಿಗೆ. ಸಿಕ್ಕು ಬಿಡಿಸುವ ಕೈ ನಿಲ್ಲಲಿಲ್ಲ.

ಆ ನಡುವೆ ನಾನು ಇಂಗ್ಲಿಷಿಗೆ ಇನ್ನೊಂದು ಸಲ ಫೇಲಾದೆ. ಟ್ಯೂಷನ್ ನಿಂತ ಮೇಲೆ ಪಾಂಡವಪುರಕ್ಕೆ ಹೋಗುವ ನೆಪವೂ ತಪ್ಪಿ ಪುಸ್ತಕಗಳು ಬರುವುದು ನಿಂತಿತು. ನಾಗಮಂಗಲದ ಹತ್ತಿರದ ಹೊಣಕೆರೆಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ನಾನು ಒಪ್ಪಬಾರದು, ಮತ್ತೆ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಂಡು ಏನಾದರೂ ಕೆಲಸ ಹುಡುಕಬೇಕು ಎಂದು ಒಳಗೇ ಗಟ್ಟಿ ಮಾಡಿಕೊಂಡಿದ್ದೆ. ಆ ಗಟ್ಟಿತನಕ್ಕೆ ಶಿಲ್ಪಿಯ ಮಗಳೂ ಒಂದಿಷ್ಟು ಕಾರಣ. ಹೇಳಬೇಕಾದ ಮಾತನ್ನು ಬಾಯಿಪಾಠವನ್ನೂ ಮಾಡಿದ್ದೆ. ಬಂದವರು ಕಾಫಿ ಕುಡಿದು ಹೊರಗೆ ಜಗಲಿಗೆ ಹೋದ ಮೇಲೆ ಅಣ್ಣ ಅಡಿಗೆಮನೆಗೆ ಬಂದ. ಗದರಲಿಲ್ಲ, ಅವಸರ ಮಾಡಲಿಲ್ಲ. ಬಾಗಿಲಿಗೆ ಕೈ ಕೊಟ್ಟು ನಿಂತು, "ನಿಂಗೆ ಒಪ್ಗೇನಾ? ಇಲ್ದಿದ್ರೆ ಈಗ್ಲೇ ಹೇಳ್ಬುಡವ್ವ, ನಾನ್ ಹೇಳ್ಕತೀನಿ," ಅಂದ. ನಡುಮನೆಯ ಮಂಚದಿಂದ ಅವ್ವ ಉಸಿರು ಹಿಡಿದು ಕೇಳುತ್ತಿದ್ದದ್ದು ನನಗೆ ತಿಳಿಯುತ್ತಿತ್ತು. ಅಣ್ಣನ ಅಂಗಿಯ ಕಾಲರು ಸವೆದು ನೂಲು ಕಿತ್ತಿತ್ತು. ಅತ್ತಿಗೆ ಒಲೆ ಮುಂದೆ ಬೆನ್ನು ಮಾಡಿ ಕೂತಿದ್ದಳು, ತಿರುಗಲಿಲ್ಲ. ನನ್ನ ಬಾಯಿಂದ ಹೂಂ ಅಂತಲೇ ಬಂತು.

ಹೊಣಕೆರೆಯಲ್ಲಿ ನನಗೆ ಕಷ್ಟವೇನೂ ಆಗಲಿಲ್ಲ. ಅದು ಮಳೆ ನಂಬಿದ ಊರು. ರಾಗಿ, ಹುರುಳಿ, ತೆಂಗು. ಗಂಡ ಡೈರಿಯಲ್ಲಿ ಹಾಲು ಅಳೆಯುವ ಕೆಲಸ ಮಾಡುತ್ತಿದ್ದ, ಮಾತು ಕಡಿಮೆ. ಓದಲು ಏನಾದರೂ ತಂದುಕೊಡಿ ಎಂದು ಕೇಳಿದ್ದಕ್ಕೆ ನಾಗಮಂಗಲದಿಂದ ಒಂದು ವಾರಪತ್ರಿಕೆ ತಂದುಕೊಟ್ಟ. ಆಮೇಲೆ ಮರೆತ. ನಾನೂ ಮತ್ತೆ ನೆನಪು ಮಾಡಲಿಲ್ಲ. ಹೊಲದಿಂದ ಬಂದು ಕೂತರೆ ಕಣ್ಣು ಎಳೆಯುತ್ತಿತ್ತು.

ಅವ್ವ ಮಂಚ ಹಿಡಿದು ಮೂರು ವರ್ಷಕ್ಕೆ ಹೋದಳು. ನಾನು ಹಬ್ಬಕ್ಕೆ ಹೋದಾಗಲೆಲ್ಲ ಅತ್ತಿಗೆ ಇನ್ನಷ್ಟು ಮಾತು ಕಳೆದುಕೊಂಡಿರುತ್ತಿದ್ದಳು. ಕಾಯಿಲೆಯಲ್ಲ, ದುಃಖದ ಮುಖವೂ ಅಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವಳು, ಊಟಕ್ಕೆ ಬಲವಂತ ಮಾಡುವಳು, ಅಷ್ಟೇ. ಅವ್ವನ ಕೊನೆಯ ದಿನಗಳಲ್ಲಿ ಒಮ್ಮೆ ನಾನಿದ್ದಾಗ, ಆ ಕಲ್ಲು ಕೆತ್ತುವ ಹುಡುಗಿಯ ಕಥೆ ಇನ್ನೊಂದು ಸಲ ಹೇಳು ಎಂದು ಅವ್ವ ಅವಳನ್ನು ಕೇಳಿದಳು. ಅದು ನೆನಪಿಲ್ಲ ಅತ್ತೆ ಅಂದಳು ಅತ್ತಿಗೆ. ನಾನು ಹೇಳಲು ಕೂತೆ. ಗಾಡಿ ಹತ್ತುವ ಜಾಗಕ್ಕೆ ಬರುವಷ್ಟರಲ್ಲಿ ಅವ್ವನಿಗೆ ನಿದ್ದೆ ಬಂದಿತ್ತು. ಅತ್ತಿಗೆ ಒಗೆದ ಬಟ್ಟೆ ಮಡಿಸುತ್ತಾ ಅಲ್ಲೇ ಇದ್ದಳು. ಕೇಳುತ್ತಿದ್ದಳೋ ಇಲ್ಲವೋ ಅವಳ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಅವ್ವನ ವರ್ಷದ ತಿಥಿಗೆ ಹೋದಾಗ ನನಗೆ ಮನಸ್ಸಿನಲ್ಲಿ ಒಂದು ಆಸೆ ಇತ್ತು. ಈಗ ಮಂಚ ಖಾಲಿಯಾಗಿದೆ, ಮಗು ಅಂಗನವಾಡಿಗೆ ಹೋಗುತ್ತಿದೆ, ಅವಳಿಗಾದರೂ ಎಷ್ಟು ಮಹಾ ವಯಸ್ಸು. ನೆಂಟರೆಲ್ಲ ಉಂಡು ಹೋದ ಮೇಲೆ, ನಾವು ಮನೆಯವರು ಊಟಕ್ಕೆ ಕೂತಾಗ ನಾನು ಅವಳ ಓದಿನ ಮಾತು ತೆಗೆಯಬೇಕೆಂದಿದ್ದೆ. ನನಗಿಂತ ಮೊದಲು ಅಣ್ಣನೇ ತೆಗೆದ. ಅವನು ಮರೆತಿರಲಿಲ್ಲ. ಅವಳು ಅವನ ಎಲೆಗೆ ಅನ್ನ ಬಡಿಸುತ್ತಿದ್ದಳು.

"ಈಗ್ಲಾರ ಸೇರ್ಕತೀಯಾ ಕಾಲೇಜ್ಗೆ? ಕೇಳ್ಕಬತ್ತೀನಿ ಮಂಡ್ಯಕ್ಕೋಗಿ," ಅಂದ.

ಅವಳು ಅನ್ನದ ಮೇಲೆ ಸಾರು ಬಿಟ್ಟಳು. "ಈಗ್ಯಾಕ್ ಬುಡಿ," ಅಂದಳು. ಬೇಸರವಾಗಲಿ ಚುಚ್ಚುವಿಕೆಯಾಗಲಿ ಆ ಮಾತಿನಲ್ಲಿ ಇರಲಿಲ್ಲ. ಉಪ್ಪು ಬೇಕೇ ಎಂದು ಕೇಳಿದ್ದಕ್ಕೆ ಬೇಡ ಅನ್ನುವ ಹಾಗಿತ್ತು. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಲ್ಲಿಂದ ಕೊಟ್ಟಿಗೆಗೆ ಹೋದ ಸದ್ದು, ಎಮ್ಮೆಯ ಮುಂದೆ ಬಕೆಟ್ಟು ಇಟ್ಟ ಸದ್ದು ಕೇಳಿಸಿತು.

ಅಣ್ಣ ನನ್ನ ಕಡೆ ನೋಡಿದ. ಎಷ್ಟೋ ವರ್ಷ ಹೊತ್ತಿದ್ದ ಭಾರವನ್ನು ಕೆಳಗಿಟ್ಟವನ ಮುಖ ಅದು.

"ನೋಡ್ದಾ, ಅವಳ್ಗೇ ಬ್ಯಾಡ," ಅಂದು ಅನ್ನ ಕಲಸಿಕೊಂಡ.

ನಾನು ಮೂರು ಗಂಟೆಯ ಬಸ್ಸಿಗೆ ಹೊರಟೆ. ಅತ್ತಿಗೆ ನನ್ನ ಗಂಡನಿಗೆಂದು ವಡೆ, ಕಜ್ಜಾಯವನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟು ಬಸ್ಸು ನಿಲ್ಲುವ ಕಡೆಯ ತನಕ ಬಂದಳು. ದಾರಿಯಲ್ಲಿ, ನಿಮ್ಮ ಕಡೆ ರಾಗಿಗೆ ಮಳೆ ಆಯಿತಾ ಎಂದು ಕೇಳಿದಳು. ಆಗಲಿಲ್ಲ ಅಂದೆ. ಬಸ್ಸು ಬಂತು. ನಾನು ಸೀಟು ಹಿಡಿದು ಕಿಟಕಿಯಿಂದ ತಿರುಗಿ ನೋಡುವಷ್ಟರಲ್ಲಿ ಅವಳು ಮನೆ ಕಡೆ ಅರ್ಧ ದಾರಿ ಹೋಗಿದ್ದಳು. ಹಾಲು ಕರೆಯುವ ಹೊತ್ತಾಗಿತ್ತು.